ತಣ್ಣಗಾದರೆ ಪೈರೋಕ್ಲೋರ್ ಯಾಕೆ ಕರೆಂಟ್ ಬಿಡಲ್ಲ?

ನಿಮ್ಮ ಪ್ರಶ್ನೆ ಇದು: ಕೆಲವು ಪೈರೋಕ್ಲೋರ್ ಇರಿಡೇಟ್‌ಗಳು (ಇರಿಡಿಯಂ, ಆಕ್ಸಿಜನ್, ಇನ್ನೊಂದು ಲೋಹ ಸೇರಿದ ಹರಳುಗಳು) ಮಾಮೂಲಿ ತಾಪದಲ್ಲಿ ಕರೆಂಟ್ ಹರಿಸುತ್ತವೆ, ತಣ್ಣಗೆ ಮಾಡಿದರೆ ಅವಾಹಕ ಆಗುತ್ತವೆ. ಅದೇ ತಾಪದಲ್ಲಿ ಒಳಗೆ ಮ್ಯಾಗ್ನೆಟಿಸಂ ಕೂಡ ಶುರುವಾಗುತ್ತೆ. ಇದರಿಂದ ಅದೋ, ಅದರಿಂದ ಇದೋ?

ಪುಣೆಯ ಪಾಷಾಣ್‌ನಲ್ಲಿ ಇದೇ ಕಪ್ಪು ಪುಡಿಯನ್ನು ಮೂರು ವರ್ಷ ಅರೆದವನು ನಾನು. (ಊರ ಹೆಸರು ಕೇಳಿ ಅಮ್ಮ, "ಪಾಷಾಣನಾ? ಬೇರೆ ಊರೇ ಸಿಗಲಿಲ್ವೇನೋ" ಅಂದಿದ್ದರು.) ನನ್ನ ಲೆಕ್ಕದಲ್ಲಿ ಇರಿಡೇಟ್‌ಗಳಲ್ಲಿ ಮ್ಯಾಗ್ನೆಟಿಸಂನದೇ ದೊಡ್ಡ ಕೈ. ಆದರೆ ಪಠ್ಯಪುಸ್ತಕದ ಕಥೆ ಇಲ್ಲಿ ಹೊಂದಲ್ಲ.

ಮೂರು ಎಳ್ಳುಂಡೆ ಕೆಳಗಿಟ್ಟು ನಡುವೆ ಒಂದನ್ನು ಮೇಲೆ ಕೂರಿಸಿ. ನಾಲ್ಕು ಇರಿಡಿಯಂ ಪರಮಾಣುಗಳು ಹಾಗೇ ಕೂತಿರುತ್ತವೆ. ಪ್ರತಿ ಉಂಡೆಗೂ ಒಂದು ಕಡ್ಡಿ ಚುಚ್ಚಿ, ಅದೇ ಸ್ಪಿನ್, ಅಂದರೆ ಪರಮಾಣುವಿನ ಪುಟ್ಟ ಮ್ಯಾಗ್ನೆಟ್ ಮುಖ ಮಾಡಿರೋ ದಿಕ್ಕು. ತಣ್ಣಗಾದಾಗ ನಾಲ್ಕೂ ಕಡ್ಡಿಗಳು ಒಟ್ಟಿಗೆ ನಡುವಿನ ಕಡೆ ತಿರುಗುತ್ತವೆ, ಇಲ್ಲವೇ ನಾಲ್ಕೂ ಹೊರಗೆ. ಪ್ರತಿ ಉಂಡೆಯೂ ಪಕ್ಕದ ಇನ್ನೊಂದು ಗುಂಪಿಗೂ ಸೇರಿದ್ದು. ಹಾಗಾಗಿ ಇಲ್ಲಿ "ಒಳಗೆ" ಅಂದರೆ ಅಲ್ಲಿ "ಹೊರಗೆ". ಒಟ್ಟು ಕೂಡಿದರೆ ಸೊನ್ನೆ. ಅದಕ್ಕೇ ಈ "ಮ್ಯಾಗ್ನೆಟ್" ಫ್ರಿಜ್ ಬಾಗಿಲಿಗೆ ಅಂಟಲ್ಲ.

ಪಠ್ಯಪುಸ್ತಕ ಹೇಳೋದು ಹೀಗೆ: ಸ್ಪಿನ್‌ಗಳು ಒಂದು ಮೇಲೆ ಒಂದು ಕೆಳಗೆ ಜೋಡಿಸಿಕೊಂಡಾಗ ಹರಳಿನ ಮೂಲ ಘಟಕ ಎರಡು ಪಟ್ಟಾಗುತ್ತೆ, ಆಗ ಎಲೆಕ್ಟ್ರಾನ್ ಪಟ್ಟಿಗಳ (ಎಲೆಕ್ಟ್ರಾನ್‌ಗಳು ಇರಬಹುದಾದ ಶಕ್ತಿಯ ಮಟ್ಟಗಳ ಸಾಲು) ನಡುವೆ ಬಿರುಕು ಬೀಳುತ್ತೆ, ಕರೆಂಟ್ ನಿಲ್ಲುತ್ತೆ. ಇಲ್ಲಿ ಘಟಕ ದೊಡ್ಡದಾಗೋದೇ ಇಲ್ಲ, ಅಲ್ವಾ? ಎಲ್ಲ ಘಟಕಗಳೂ ಒಂದೇ ಥರ. ಆದರೆ ಇರಿಡಿಯಂ ಭಾರದ ಪರಮಾಣು. ಅದರಲ್ಲಿ ಎಲೆಕ್ಟ್ರಾನಿನ ಸ್ಪಿನ್ನಿಗೂ ಸುತ್ತಾಟಕ್ಕೂ ಗಟ್ಟಿ ಗಂಟು ಇರುತ್ತೆ. ಸ್ಪಿನ್‌ಗಳು ಹೀಗೆ ಗಟ್ಟಿಯಾಗಿ ಕೂತರೆ, ತಾಗಿಕೊಂಡಿದ್ದ ಪಟ್ಟಿಗಳು ಬೇರೆಯಾಗುತ್ತವೆ. ಇರಿಡಿಯಂ ಬದಲು ಓಸ್ಮಿಯಂ ಇರೋ ಅಣ್ಣತಮ್ಮ ಕ್ಯಾಡ್ಮಿಯಂ ಓಸ್ಮೇಟ್‌ನಲ್ಲೂ ಇದೇ ಜೋಡಣೆ, ಅಲ್ಲಿ ಸುಮಾರು 225 ಕೆಲ್ವಿನ್‌ನಲ್ಲಿ. ಅದು 1974ರಿಂದ ಗೊತ್ತಿದ್ದ ವಸ್ತು. ಒಳಗಿನ ಜೋಡಣೆ ಎಕ್ಸ್-ರೇಯಲ್ಲಿ ಕಂಡದ್ದು 2012ರಲ್ಲಿ.

ಮ್ಯಾಗ್ನೆಟಿಸಂ ಒಂದೇ ಅಲ್ಲ, ಎಲೆಕ್ಟ್ರಾನ್ ಓಡಾಡೋಕೆ ಜಾಗವೂ ಮುಖ್ಯ. ಇರಿಡಿಯಂ ಜೊತೆಗಿನ ಇನ್ನೊಂದು ಲೋಹ ಯುರೋಪಿಯಂ ಆಗಿದ್ದರೆ ಸುಮಾರು 120 ಕೆಲ್ವಿನ್‌ನಲ್ಲಿ ಬದಲಾವಣೆ. ಸ್ವಲ್ಪ ದಪ್ಪ ನಿಯೋಡೈಮಿಯಂ ಹಾಕಿದರೆ ಅದು 33ರ ಆಸುಪಾಸಿಗೆ ಇಳಿಯುತ್ತೆ. ಇನ್ನೂ ದಪ್ಪ ಪ್ರೇಸಿಯೋಡೈಮಿಯಂ ಹಾಕಿದರೆ ಎಷ್ಟು ತಣ್ಣಗೆ ಮಾಡಿದರೂ ಲೋಹವೇ. ದಪ್ಪ ಅಯಾನು ಇರಿಡಿಯಂ-ಆಕ್ಸಿಜನ್-ಇರಿಡಿಯಂ ಕೋನವನ್ನು ಅಗಲ ಮಾಡುತ್ತೆ, ಎಲೆಕ್ಟ್ರಾನ್ ಸಲೀಸಾಗಿ ಓಡಾಡುತ್ತೆ.

ಲ್ಯಾಬ್‌ನಲ್ಲಿ ನೋಡೋ ಆಸೆ ಇದ್ದರೆ ಯುರೋಪಿಯಂದೇ ಮಾಡಿ. ದ್ರವ ನೈಟ್ರೋಜನ್ 77 ಕೆಲ್ವಿನ್, ಅಷ್ಟರಲ್ಲೇ ಕೆಲಸ ಮುಗಿಯುತ್ತೆ, ಹೀಲಿಯಂ ಖರ್ಚಿಲ್ಲ. ನಾನು ಮೊದಲ ಬಿಲ್ಲೆಯನ್ನು ತೆರೆದ ಕ್ರೂಸಿಬಲ್‌ನಲ್ಲಿ ಸುಟ್ಟೆ. ಅಷ್ಟು ಶಾಖಕ್ಕೆ ಇರಿಡಿಯಂ ಆಕ್ಸೈಡ್ ಆವಿಯಾಗಿ ಹಾರುತ್ತೆ ಅಂತ ಓದಿದ್ದೆ, ಸುಮ್ನೆ ಉದಾಸೀನ ಮಾಡಿದೆ. ಅಷ್ಟು ದುಬಾರಿ ಪುಡಿ ಕುಲುಮೆಯ ಗೋಡೆ ಸೇರಿತು. ಗ್ರಾಫ್‌ನಲ್ಲಿ ಎಲ್ಲೂ ತಿರುವೇ ಇಲ್ಲ. ಎರಡನೇ ಸಲ ಕ್ವಾರ್ಟ್ಜ್ ನಳಿಗೆಯಲ್ಲಿ ಮುಚ್ಚಿ ಸುಟ್ಟೆ. ನಾಲ್ಕು ತಂತಿ ಅಂಟಿಸಿ ಇಳಿಸುತ್ತಾ ಹೋದೆ, 120ರ ಹತ್ತಿರ ರೋಧ ಏರತೊಡಗಿತು. ಅದೇ ಬಿಲ್ಲೆಯ ಚೂರನ್ನು ಮ್ಯಾಗ್ನೆಟೋಮೀಟರ್‌ಗೆ ಹಾಕಿದೆ. ಕಾಂತಕ್ಷೇತ್ರ ಇಟ್ಟು ತಣ್ಣಗೆ ಮಾಡಿದ ಗೆರೆ, ಇಡದೆ ಮಾಡಿದ ಗೆರೆ, ಎರಡೂ ಅದೇ ತಾಪದಲ್ಲಿ ಕವಲೊಡೆದವು, ಅಂದರೆ ಮ್ಯಾಗ್ನೆಟಿಸಂ ಶುರುವಾದದ್ದೂ ಅಲ್ಲೇ.