ಸಂತ ಜಿಯಾನ್ನಾ ಕತೆ ಓದಿದ ಮೇಲೆ ನಿದ್ದೆ ಬರುತ್ತಿಲ್ಲ

ಪ್ರಶ್ನೆ: ನನಗೀಗ ಏಳು ತಿಂಗಳು. ಹೋದ ವರ್ಷ ಮೂರನೇ ತಿಂಗಳಲ್ಲೇ ಮಗು ಹೋಯಿತು. ಈ ಸಲ ಬಿಪಿ ಜಾಸ್ತಿ ಇದೆ. ದಿನ ತುಂಬುವ ಮುಂಚೆಯೇ ಹೆರಿಗೆ ಮಾಡಿಸಬೇಕಾಗಬಹುದು ಎಂದಿದ್ದಾರೆ ಡಾಕ್ಟರ್. ಅತ್ತೆ ಸಂತ ಜಿಯಾನ್ನಾ ಅವರ ನೊವೇನಾ (ಒಂಬತ್ತು ದಿನದ ಪ್ರಾರ್ಥನೆ) ಪುಸ್ತಕ ಕೊಟ್ಟು, "ಅವರು ಮಗುವಿಗೋಸ್ಕರ ಪ್ರಾಣ ಕೊಟ್ಟರು, ನೀನು ಇಷ್ಟಕ್ಕೆಲ್ಲ ಹೆದರ್ತೀಯಲ್ಲ" ಅಂದರು. ನನಗೆ ಸಾಯಲು ಇಷ್ಟವಿಲ್ಲ. ನಾನು ಕೆಟ್ಟ ತಾಯಿಯೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಅಲ್ಲ ತಂಗಿ. ಬದುಕಬೇಕು ಅನ್ನಿಸುವುದು ಪಾಪನಿವೇದನೆಯಲ್ಲಿ ಹೇಳಿಕೊಳ್ಳುವಂಥ ವಿಷಯವೇ ಅಲ್ಲ.

ಅತ್ತೆ ಹೇಳಿದ್ದು ಅರ್ಧ ಕತೆ. ಜಿಯಾನ್ನಾ ಬೆರೆಟ್ಟಾ ಮೊಲ್ಲಾ ಇಟಲಿಯಲ್ಲಿ ಮಕ್ಕಳ ಡಾಕ್ಟರ್ ಆಗಿದ್ದವರು. 1961ರಲ್ಲಿ, ನಾಲ್ಕನೇ ಮಗುವಿನ ಬಸುರಿಯಾಗಿದ್ದಾಗ, ಎರಡನೇ ತಿಂಗಳಿಗೇ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿತು. ಅವರೇನು ಜಪಸರ ಹಿಡಿದು ಮನೆಯಲ್ಲಿ ಕೂರಲಿಲ್ಲ. ಆಪರೇಷನ್ ಮಾಡಿಸಿಕೊಂಡರು, ಗಡ್ಡೆಯನ್ನಷ್ಟೇ ತೆಗೆಸಿ ಮಗುವನ್ನು ಉಳಿಸಿಕೊಂಡರು. ಇಬ್ಬರಲ್ಲಿ ಒಬ್ಬರನ್ನೇ ಉಳಿಸಬೇಕಾಗಿ ಬಂದರೆ ಮಗುವನ್ನು ಉಳಿಸಿ ಎಂದಿದ್ದರು, ಅದು ನಿಜ. 1962ರ ಏಪ್ರಿಲ್ 21ರಂದು ಸಿಸೇರಿಯನ್ ಆಗಿ ಮಗಳು ಹುಟ್ಟಿದಳು. ಹೊಟ್ಟೆಯೊಳಗೆ ಸೋಂಕು ಹರಡಿ ಏಳನೇ ದಿನ ತಾಯಿ ತೀರಿಕೊಂಡರು. 39 ವರ್ಷ. ಮನೆಯಲ್ಲಿ ಇನ್ನೂ ಮೂರು ಪುಟ್ಟ ಮಕ್ಕಳು. ಸಾಯಬೇಕು ಅಂತ ಯಾವ ತಾಯಿ ಆಸ್ಪತ್ರೆಗೆ ಹೋಗುತ್ತಾಳೆ ಹೇಳಿ?

ಇನ್ನೊಂದು ಮಾತು. ನಿಮ್ಮ ಡಾಕ್ಟರ್ ನಿಮ್ಮ ಮುಂದೆ ಅಂಥ ಆಯ್ಕೆ ಇಟ್ಟೇ ಇಲ್ಲ. ಬಿಪಿ ಏರಿದರೆ ನಿಮಗೂ ಅಪಾಯ, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಮುಂಚೆ ಹೆರಿಗೆ ಮಾಡಿಸುವುದು ಇಬ್ಬರನ್ನೂ ಉಳಿಸಿಕೊಳ್ಳಲು.

ಆ ಪುಸ್ತಕ ಸದ್ಯಕ್ಕೆ ಬೀರುವಿನಲ್ಲಿರಲಿ. ಸಂತರು ಒಬ್ಬರೇ ಅಲ್ಲವಲ್ಲ. ನನ್ನ ಹೆರಿಗೆಯ ಹೊತ್ತಿಗೆ ನಮ್ಮಮ್ಮ ದಿಂಬಿನ ಕೆಳಗೆ ಸಂತ ಜೆರಾರ್ಡರ ಚಿತ್ರವಿರುವ ಪ್ರಾರ್ಥನೆಯ ಕಾರ್ಡ್ ಇಟ್ಟಿದ್ದರು. ಬೆವರಿಗೆ ಮೆತ್ತಗಾಗಿ ದಿಂಬಿನ ಬಟ್ಟೆಗೇ ಅಂಟಿಕೊಂಡಿತ್ತು. ಜೆರಾರ್ಡ್ ಮಜೆಲ್ಲಾ ದರ್ಜಿಯ ಮಗ, ಕ್ಷಯ ಬಂದು 1755ರಲ್ಲಿ 29ಕ್ಕೇ ಹೋದರು. ಹೆಣ್ಣೊಬ್ಬಳು ಇವರ ಮೇಲೆ ಸುಳ್ಳು ಅಪವಾದ ಹೊರಿಸಿದಾಗ ಬಾಯಿ ಬಿಡದೆ ಸಹಿಸಿದವರು. ಹೆರಿಗೆಗೆ ಇವರನ್ನೇ ಯಾಕೆ ಬೇಡುತ್ತಾರೆ ಅಂದರೆ ಅದೊಂದು ಕರವಸ್ತ್ರದ ಕತೆ. ಒಬ್ಬರ ಮನೆಯಲ್ಲಿ ಮರೆತು ಬಂದಿದ್ದ ಕರವಸ್ತ್ರವನ್ನು ಆ ಮನೆಯ ಹುಡುಗಿ ಓಡಿ ಬಂದು ಕೊಟ್ಟಳಂತೆ. "ಇಟ್ಟುಕೋ, ಮುಂದೆ ಬೇಕಾಗಬಹುದು" ಅಂದರಂತೆ. ವರ್ಷಗಳಾದ ಮೇಲೆ ಅವಳಿಗೆ ಹೆರಿಗೆ ಕಷ್ಟವಾದಾಗ ಅದನ್ನೇ ತರಿಸಿಕೊಂಡಳು, ತಾಯಿ ಮಗು ಇಬ್ಬರೂ ಉಳಿದರು. ನೋಡಿ, ಈ ಕತೆಯಲ್ಲಿ ಯಾರೂ ಸಾಯುವುದಿಲ್ಲ!

ಅತ್ತೆಯ ಮೇಲೆ ಕೋಪ ಬೇಡ. ಹೋದ ವರ್ಷ ಅವರೂ ಒಂದು ಮೊಮ್ಮಗುವನ್ನು ಕಳೆದುಕೊಂಡರು. ಹೆದರಿಕೆ ಅವರ ಬಾಯಲ್ಲಿ ಬೈಗುಳವಾಗಿ ಬರುತ್ತಿದೆ, ಅಷ್ಟೇ. ಮುಂದಿನ ಸಲ ಚೆಕಪ್‌ಗೆ ಅವರನ್ನೂ ಕರೆದುಕೊಂಡು ಹೋಗಿ. ಬಿಪಿ ವಿಷಯ ಡಾಕ್ಟರ್ ಬಾಯಿಂದಲೇ ಕೇಳಲಿ. "ನನಗೆ ಕೂತು ಓದಲು ಆಗ್ತಿಲ್ಲ ಅತ್ತೆ, ಒಂಬತ್ತು ದಿನದ ನೊವೇನಾ ನನ್ನ ಪರವಾಗಿ ನೀವೇ ಹೇಳಿ" ಎಂದು ಅವರಿಗೇ ಒಪ್ಪಿಸಿ. ಸಂತೋಷದಿಂದ ಒಪ್ಪುತ್ತಾರೆ.

ಜೆರಾರ್ಡರ ಕಾರ್ಡ್ ಸಿಕ್ಕರೆ ಆಸ್ಪತ್ರೆಯ ಫೈಲಿನೊಳಗೇ ಇಟ್ಟುಕೊಳ್ಳಿ. ಮಾತ್ರೆ ತಪ್ಪಿಸಬೇಡಿ. ಜೋರು ತಲೆನೋವು, ಕಣ್ಣು ಮಂಜಾಗುವುದು, ಮೇಲುಹೊಟ್ಟೆಯಲ್ಲಿ ನೋವು, ಮುಖ ಇದ್ದಕ್ಕಿದ್ದಂತೆ ಊದುವುದು, ಮಗುವಿನ ಒದೆತ ಕಡಿಮೆಯಾಗುವುದು: ಇದರಲ್ಲಿ ಯಾವುದೇ ಕಂಡರೂ ರಾತ್ರಿ ಎರಡು ಗಂಟೆಯಾಗಿದ್ದರೂ ಆ ಫೈಲ್ ಹಿಡಿದು ಹೊರಟುಬಿಡಿ. ನೊವೇನಾದ ಉಳಿದ ದಿನಗಳನ್ನು ಅತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮುಗಿಸಲಿ.