ಗೌನೋ ಯೂನಿಫಾರ್ಮೋ: ಗ್ರ್ಯಾಜುಯೇಷನ್‌ಗೆ ಮುಂಚೆ ಒಂದು ಮನೆಯ ಜಗಳ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ನಮ್ಮ ಬಳಿ ಸಲಹೆಗೆ ಬಂದದ್ದು ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿರುವ ಕುಟುಂಬ, ಮೂಲ ಹಾಸನದ ಕಡೆಯದು. ಅಪ್ಪ ಸಾಫ್ಟ್‌ವೇರ್ ಕೆಲಸದವರು, ಅಮ್ಮ ಫಾರ್ಮಸಿಯಲ್ಲಿ. ಮಗಳಿಗೆ 18 ವರ್ಷ, ಹೈಸ್ಕೂಲಿನ ಕೊನೆಯ ವರ್ಷ. ನಮ್ಮ ಲೆಕ್ಕದಲ್ಲಿ ಎರಡನೇ ಪಿಯುಸಿ. ಜೂನ್ ಮೊದಲ ವಾರದ ಗ್ರ್ಯಾಜುಯೇಷನ್‌ಗೆ (ಶಾಲೆ ಮುಗಿಸಿದವರ ಸಮಾರಂಭಕ್ಕೆ) ಗೌನ್ ಬದಲು ಸೇನೆಯ ಯೂನಿಫಾರ್ಮ್ ಹಾಕುತ್ತೇನೆ ಎಂದು ಅವಳ ಹಟ. ಸಮಾರಂಭ ನೋಡಲೆಂದೇ ಊರಿಂದ ಬಂದಿದ್ದ ತಾತ ಅವಳ ಪರ. ಅವರು ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಅಪ್ಪ ಮಗಳ ಜೊತೆ ಮಾತು ಬಿಟ್ಟು ಎರಡು ವಾರವಾಗಿತ್ತು. "ಗೌನ್ ಅಷ್ಟೇ" ಎಂದು ಶಾಲೆಯೂ ಮೇಲ್ ಕಳಿಸಿತ್ತು.

ಮೊದಲು ಹಿನ್ನೆಲೆ. ಅಮೆರಿಕದಲ್ಲಿ 17 ತುಂಬಿದವರು ಅಪ್ಪ ಅಮ್ಮನ ಲಿಖಿತ ಒಪ್ಪಿಗೆಯಿದ್ದರೆ ಸೇನೆಗೆ ಸೇರಬಹುದು. ಈ ಹುಡುಗಿ 11ನೇ ತರಗತಿಯಲ್ಲಿದ್ದಾಗ ಆರ್ಮಿ ನ್ಯಾಷನಲ್ ಗಾರ್ಡ್ ಎಂಬ ಅರೆಕಾಲಿಕ ಸೇನೆ ಸೇರಿದಳು. ಆಯ್ದುಕೊಂಡದ್ದು ಸ್ಪ್ಲಿಟ್ ಟ್ರೈನಿಂಗ್ ಎಂಬ ದಾರಿ: 11 ಮುಗಿದ ಬೇಸಿಗೆ ರಜೆಯಲ್ಲಿ 10 ವಾರಗಳ ಬೇಸಿಕ್ ಟ್ರೈನಿಂಗ್, ಆಮೇಲೆ 12ನೇ ತರಗತಿ ಓದುತ್ತಲೇ ತಿಂಗಳಿಗೊಂದು ವಾರಾಂತ್ಯ ಡ್ರಿಲ್, ಶಾಲೆ ಮುಗಿದ ಮೇಲೆ ವೃತ್ತಿ ತರಬೇತಿ. ಅಂದರೆ ಅವಳು ಮುಂದೊಂದು ದಿನ ಸೈನಿಕಳಾಗುವವಳಲ್ಲ, ಆಗಲೇ ಆಗಿದ್ದವಳು.

ಅಪ್ಪನಿಗೆ ಅರ್ಥವಾಗದೆ ಉಳಿದದ್ದು ಇದೇ. ಸೇರುವಾಗ ಸಹಿ ಹಾಕಿದವರು ಅವರೇ. ಆದರೆ ಆಫೀಸಿನಲ್ಲಿ ಯಾರೋ, "ಮನಸ್ಸು ಬದಲಾದರೆ ಒಂದು ಪತ್ರ ಬರೆದು ಹೊರಗೆ ಬರಬಹುದು" ಎಂದಿದ್ದರಂತೆ. ಆ ಮಾತು ಡಿಲೇಡ್ ಎಂಟ್ರಿ ಪ್ರೋಗ್ರಾಂ ಎಂಬ ಬೇರೆ ವ್ಯವಸ್ಥೆಗೆ ಹೊಂದುತ್ತದೆ. ಅಲ್ಲಿ ಹೆಸರು ಬರೆಸಿದವರು ತರಬೇತಿಗೆ ಹೊರಡುವ ಮುಂಚೆ ಹಿಂದೆ ಸರಿಯಬಹುದು. ಗಾರ್ಡ್‌ಗೆ ಸೇರಿ ಬೇಸಿಕ್ ಮುಗಿಸಿದವರಿಗೆ ಆ ಬಾಗಿಲಿಲ್ಲ. ಒಟ್ಟು 8 ವರ್ಷದ ಸೇವಾ ಬಾಧ್ಯತೆ ಇರುತ್ತದೆ. "ಕಾಲೇಜು ಶುರುವಾದರೆ ತಾನೇ ಬಿಡುತ್ತಾಳೆ ಅಂದ್ಕೊಂಡಿದ್ದೆ" ಎಂದರು ಎರಡನೇ ಭೇಟಿಯಲ್ಲಿ. ಗೌನ್ ಹಾಕಿದ ಮಗಳು ಕಾಲೇಜಿಗೆ ಹೋಗುವ ಮಗಳು. ಯೂನಿಫಾರ್ಮ್ ಹಾಕಿ ವೇದಿಕೆ ಹತ್ತಿದರೆ, ಅವರು ಒಪ್ಪದೇ ಇದ್ದ ಸಂಗತಿಯನ್ನು ಊರಿಗೆ ಊರೇ, ಹಾಸನದ ವಾಟ್ಸ್ಯಾಪ್ ಗುಂಪೂ ಸೇರಿ, ನೋಡುತ್ತದೆ. ಜಗಳ ಬಟ್ಟೆಯದ್ದಾಗಿ ಕಂಡರೂ ಬೇರು ಆ ಸಹಿಯಲ್ಲಿತ್ತು.

ಹೀಗಿದ್ದರೂ ಬಟ್ಟೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳಲು ಹೇಳಿದೆವು. ಅದಕ್ಕೆ ಖಚಿತ ಉತ್ತರ ಸಿಗುತ್ತದೆ, ಸಿಕ್ಕಷ್ಟೂ ಜಗಳದ ಗಾತ್ರ ಇಳಿಯುತ್ತದೆ. ಮನಸ್ಸಿನ ಮಾತು ಮೊದಲು ಎಂದು ಕೂತಿದ್ದರೆ ಜೂನ್ ಬಂದು ಹೋಗುತ್ತಿತ್ತು.

ಕಾನೂನಿನ ಕಡೆಯಿಂದ: ಕ್ಯಾಲಿಫೋರ್ನಿಯಾದ ಶಿಕ್ಷಣ ಸಂಹಿತೆಯ 35183.3ನೇ ಕಲಮಿನ ಪ್ರಕಾರ, ಬೇಸಿಕ್ ಟ್ರೈನಿಂಗ್ ಮುಗಿಸಿ ಸೇನೆಯ ಸಕ್ರಿಯ ಸದಸ್ಯರಾಗಿರುವ ವಿದ್ಯಾರ್ಥಿಗಳು ಇಷ್ಟವಿದ್ದರೆ ಗ್ರ್ಯಾಜುಯೇಷನ್‌ಗೆ ಸೇನೆಯ ಡ್ರೆಸ್ ಯೂನಿಫಾರ್ಮ್ ಧರಿಸಬಹುದು. ಶಾಲೆಗೆ ಇದು ಗೊತ್ತಿರಲಿಲ್ಲ ಅಷ್ಟೆ. ಹಟ ಎಂದು ಮೊದಲೇ ತೀರ್ಮಾನಿಸಿ ವಕೀಲರ ಪತ್ರ ಕಳಿಸುವ ಅಗತ್ಯ ಬೀಳಲಿಲ್ಲ. ಶಾಲೆಯವರ ಭಯ ಬೇರೆ. ಅದೇ ತರಗತಿಯಲ್ಲಿ ರಿಕ್ರೂಟರ್ (ಸೇನೆಗೆ ಸೇರಿಸಿಕೊಳ್ಳುವವರು) ಬಳಿ ಸಹಿ ಹಾಕಿ ಇನ್ನೂ ತರಬೇತಿಗೆ ಹೋಗದ ಹುಡುಗರಿದ್ದರು, ಜೆಆರ್‌ಒಟಿಸಿ (ಶಾಲೆಯಲ್ಲೇ ನಡೆಯುವ, ನಮ್ಮ ಎನ್‌ಸಿಸಿಯಂಥ ತರಬೇತಿ) ಕೆಡೆಟ್‌ಗಳಿದ್ದರು. ಒಬ್ಬಳಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ. ಗೆರೆ ಎಲ್ಲಿದೆ ಎಂದು ತೋರಿಸಿದ ಮೇಲೆ ಆ ಭಯ ಹೋಯಿತು. ಸಹಿ ಮಾತ್ರ ಹಾಕಿದವರಿಗೆ ಯೂನಿಫಾರ್ಮೇ ಇಲ್ಲ. ಕೆಡೆಟ್‌ಗಳು ಸೇನೆಯ ಸದಸ್ಯರಲ್ಲ, ಅವರ ವಿಷಯ ಶಾಲೆ ಮತ್ತು ಜೆಆರ್‌ಒಟಿಸಿ ಬೋಧಕರ ನಡುವೆ ತೀರ್ಮಾನವಾಗುವಂಥದ್ದು. ಅಧಿಕಾರವಿಲ್ಲದೆ ಸೇನೆಯ ಸಮವಸ್ತ್ರ ತೊಡುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ, ಆರು ತಿಂಗಳವರೆಗೆ ಶಿಕ್ಷೆ ಇದೆ.

ಹುಡುಗಿಗೆ ಕೊಟ್ಟ ಸಲಹೆ: ಶಾಲೆಗೆ ಒಂದೇ ಪುಟದ ಪತ್ರ. ಅದರಲ್ಲಿ ಕಲಮಿನ ಸಂಖ್ಯೆ, ಯಾವ ಉಡುಪು ಎಂಬ ಒಂದು ಸಾಲು. ಜೊತೆಗೆ ಬೇಸಿಕ್ ಮುಗಿಸಿದ ಪ್ರಮಾಣಪತ್ರದ ಪ್ರತಿ ಮತ್ತು ಘಟಕದ ಕಮಾಂಡರ್ ಪತ್ರ. ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಗಾರ್ಡ್‌ನವರು ಡ್ಯೂಟಿಯಲ್ಲಿಲ್ಲದ ದಿನ ಯೂನಿಫಾರ್ಮ್ ಹಾಕಲು ಘಟಕದ ಒಪ್ಪಿಗೆ ಲಿಖಿತವಾಗಿರುವುದು ಕ್ಷೇಮ. "ಸಕ್ರಿಯ ಸದಸ್ಯ" ಎಂಬ ಪದ ಗಾರ್ಡ್‌ಗೆ ಅನ್ವಯಿಸುತ್ತದೆಯೇ ಎಂದು ಶಾಲೆ ತಕರಾರು ತೆಗೆದರೂ ಅದೇ ಪತ್ರ ಉತ್ತರ ಕೊಡುತ್ತದೆ. ಕಮಾಂಡರ್ ಕೈಗೆ ಸಿಗುವುದು ಡ್ರಿಲ್ ವಾರಾಂತ್ಯದಲ್ಲಿ. ಜೂನ್ ಸಮಾರಂಭಕ್ಕೆ ಏಪ್ರಿಲ್ ಡ್ರಿಲ್‌ನಲ್ಲೇ ಕೇಳಬೇಕು, ಮೇ ಡ್ರಿಲ್ ಮೇಲೆ ಭರವಸೆ ಇಡಬಾರದು. ಬೇರೆ ಕೆಲವು ರಾಜ್ಯಗಳಲ್ಲೂ ಇಂಥ ಕಾನೂನು ಇದೆ, ಎಲ್ಲ ಕಡೆ ಇಲ್ಲ. ಇಲ್ಲದ ಕಡೆ ಶಾಲಾ ಮಂಡಳಿಯ ಸಭೆಗೇ ಹೋಗಿ ಕೇಳಬೇಕಾಗುತ್ತದೆ.

ಇನ್ನು ಯೂನಿಫಾರ್ಮ್. ಇಲ್ಲಿ ಮನೆಯವರೆಲ್ಲರ ಆಸೆಗಳೂ ಒಂದೊಂದಾಗಿ ಎಡವಿದವು.

ಕಾನೂನು ಹೇಳುವುದು ಡ್ರೆಸ್ ಯೂನಿಫಾರ್ಮ್, ಎಂದರೆ ಕೋಟು, ಟೈ ಇರುವುದು. ಡ್ರಿಲ್‌ಗೆ ಹಾಕುವ ಮಚ್ಚೆ ಮಚ್ಚೆಯ ಉಡುಪಲ್ಲ. ಕೋಟು ಕೊಟ್ಟದ್ದು ಹಿಂದಿನ ಆಗಸ್ಟ್‌ನಲ್ಲಿ, ತರಬೇತಿಯಲ್ಲಿ ಮೈ ಇಳಿದಿದ್ದಾಗ. ಎಂಟು ತಿಂಗಳ ಮನೆ ಊಟದ ಮೇಲೆ ಗುಂಡಿ ಹಾಕಿದರೆ ಎದೆ ಬಿಗಿಯುತ್ತಿತ್ತು. ಏಪ್ರಿಲ್‌ನಲ್ಲೇ ತೊಟ್ಟು ನೋಡಿದ್ದರಿಂದ ಹೊಲಿಗೆ ಬಿಚ್ಚಿಸಲು ಸಮಯ ಸಿಕ್ಕಿತು. ಹಿಂದಿನ ರಾತ್ರಿ ಪೆಟ್ಟಿಗೆ ತೆಗೆದವರು ಪಿನ್ ಚುಚ್ಚಿಕೊಂಡು ಹೋಗುತ್ತಾರೆ.

ರಿಬ್ಬನ್‌ಗಳ ವಿಷಯಕ್ಕೆ ಹುಡುಗಿಯೇ ಸಪ್ಪೆಯಾದಳು. ಆರ್ಮಿ ಸರ್ವಿಸ್ ರಿಬ್ಬನ್ ಸಿಗುವುದು ಬೇಸಿಕ್ ಮುಗಿದಾಗಲ್ಲ, ಅದರ ಮುಂದಿನ ವೃತ್ತಿ ತರಬೇತಿಯೂ ಮುಗಿದಾಗ. ನ್ಯಾಷನಲ್ ಡಿಫೆನ್ಸ್ ಸರ್ವಿಸ್ ಮೆಡಲ್ ಕೊಡುವುದು 2022ರ ಕೊನೆಗೆ ನಿಂತಿದೆ. ಹಾಗಾಗಿ ಅವಳ ಎದೆಯ ಮೇಲೆ ರೈಫಲ್ ಗುರಿಯ ಬ್ಯಾಡ್ಜ್ ಒಂದೇ. ಆನ್‌ಲೈನಿನಲ್ಲಿ ಎಲ್ಲ ಸಿಗುತ್ತದೆ, ಕೊಳ್ಳುವ ಮಕ್ಕಳೂ ಇದ್ದಾರೆ. ಸಭಿಕರಲ್ಲಿ ಒಬ್ಬ ನಿವೃತ್ತ ಸಾರ್ಜೆಂಟ್ ಇದ್ದರೆ ಸಾಕು, ಆ ದಿನದ ಮರ್ಯಾದೆ ಅಲ್ಲಿಗೇ ಹೋಯಿತು.

ತಾತನ ಆಸೆ ಇನ್ನೂ ದೊಡ್ಡದು. ತಮ್ಮ ಪದಕಗಳನ್ನು ಮೊಮ್ಮಗಳ ಕೋಟಿನ ಬಲಗಡೆ ಚುಚ್ಚಬೇಕೆಂದು ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದರು. ಆಗುವುದಿಲ್ಲ. ತನಗೆ ಸಿಗದ ಪದಕವನ್ನು, ಅದೂ ಇನ್ನೊಂದು ದೇಶದ್ದನ್ನು, ಅಮೆರಿಕದ ಸೈನಿಕಳು ಧರಿಸುವಂತಿಲ್ಲ. ಅವರಿಗೆ ಸೂಚಿಸಿದ್ದು: "ನಿಮ್ಮ ಬ್ಲೇಜರ್ ಮೇಲೆ, ಎಡಗಡೆ, ನೀವೇ ಹಾಕ್ಕೊಳ್ಳಿ." ಶಿಸ್ತಿನ ಮನುಷ್ಯ, ನಿಯಮ ಎಂದ ಕೂಡಲೇ ಒಪ್ಪಿದರು. ಅವರಷ್ಟು ಬೇಗ ಇನ್ಯಾರೂ ಒಪ್ಪಲಿಲ್ಲ.

ಅಮ್ಮನ ಪಟ್ಟಿ ಉದ್ದವಿತ್ತು. ಅಂಕಗಳಿಗೆ ಸಿಕ್ಕ ಚಿನ್ನದ ಬಣ್ಣದ ಹಾನರ್ ಕಾರ್ಡ್ (ಗೌರವದ ಹುರಿ) ಕೊರಳಲ್ಲಿರಬೇಕು, ಮೇಲೆ ಗೌನ್ ಹೊದ್ದರೆ ಎರಡೂ ಆಯಿತಲ್ಲ ಎಂಬ ವಾದ. ಜುಮುಕಿ, ಮುಡಿಗೆ ಮಲ್ಲಿಗೆ, ಹಣೆಗೆ ಕುಂಕುಮ. ಆರ್ಮಿಯ ಉಡುಪಿನ ನಿಯಮ, ಎಆರ್ 670-1, ಸೇನೆಯ ಉಡುಪಿನೊಂದಿಗೆ ನಾಗರಿಕ ಉಡುಪು ಬೆರೆಸುವುದನ್ನು ಒಪ್ಪುವುದಿಲ್ಲ. ಕಾರ್ಡ್, ಸ್ಟೋಲ್, ಹೂವಿನ ಹಾರ ಯಾವುದೂ ಕೋಟಿನ ಮೇಲೆ ಬರುವಂತಿಲ್ಲ. ಅರ್ಧ ಗೌನ್ ಅರ್ಧ ಯೂನಿಫಾರ್ಮ್ ಎಂಬ ರಾಜಿ ಚೆಂದ ಕಂಡರೂ ನಿಯಮಕ್ಕೆ ನಿಲ್ಲುವುದಿಲ್ಲ. ಕಿವಿಗೆ 6 ಮಿಲಿಮೀಟರ್ ಮೀರದ ಸರಳ ಓಲೆ ಹಾಕಬಹುದು, ಮೂಗುಬೊಟ್ಟು ಬೇಡ. ಕುಂಕುಮಕ್ಕೆ ಮೊದಲೇ ಧಾರ್ಮಿಕ ವಿನಾಯಿತಿ ಪಡೆಯಬೇಕು. ವಾಯುಪಡೆಯಲ್ಲಿ ಹಿಂದೂ ಸೈನಿಕನೊಬ್ಬನಿಗೆ ಯೂನಿಫಾರ್ಮ್‌ನಲ್ಲಿ ತಿಲಕವಿಡಲು 2022ರಲ್ಲಿ ಅನುಮತಿ ಸಿಕ್ಕಿದೆ, ಆದರೆ ಅದು ಅರ್ಜಿ ಹಾಕಿ ಪಡೆದದ್ದು. ವಾರದಲ್ಲಿ ಆಗುವ ಕೆಲಸವಲ್ಲ.

ಹಾಗಾದರೆ ಅಮ್ಮನಿಗೇನು ಉಳಿಯಿತು? ಗೌನ್, ಟೋಪಿ, ಕಾರ್ಡ್ ಹೇಗೂ ಕೊಂಡಾಗಿತ್ತು. ಸಮಾರಂಭಕ್ಕೆ ಎರಡು ವಾರ ಮುಂಚೆ, ಅದಕ್ಕೆಂದೇ ಒಂದು ಭಾನುವಾರ, ಗೌನ್ ತೊಟ್ಟು ಫೋಟೋ ತೆಗೆಸಲು ಹೇಳಿದೆವು. ಜುಮುಕಿ, ಮಲ್ಲಿಗೆ, ಕುಂಕುಮ ಎಲ್ಲವೂ ಅಂದು. ಸಮಾರಂಭದ ಬೆಳಿಗ್ಗೆ ಯೂನಿಫಾರ್ಮ್ ಹಾಕುವ ಮುಂಚೆ ದೇವರ ಮನೆ, ಹಿರಿಯರ ಕಾಲಿಗೆ ನಮಸ್ಕಾರ. ಗೌನ್ ಅನ್ನು ಕಾರಿನಲ್ಲಿ ಇಟ್ಟುಕೊಂಡಿರಲೂ ಹೇಳಿದೆವು: ವಿಷಯ ಗೊತ್ತಿಲ್ಲದ ಉಪಪ್ರಾಂಶುಪಾಲರೊಬ್ಬರು ಗೇಟಿನಲ್ಲಿ ತಡೆದರೆ ಅಲ್ಲಿ ನಿಂತು ವಾದ ಮಾಡುವ ಹೊತ್ತಲ್ಲ. ಪತ್ರದ ಪ್ರತಿ ಜೇಬಿನಲ್ಲಿರಲಿ.

ಮೈದಾನದಲ್ಲಿ ಗಮನಿಸಬೇಕಾದದ್ದನ್ನು ಘಟಕದ ಸಾರ್ಜೆಂಟರನ್ನೇ ಕೇಳಿ ತಿಳಿದುಕೊಳ್ಳಲು ಕಳಿಸಿದೆವು. ಹೊರಗೆ, ಟೋಪಿ ಹಾಕಿರುವಾಗ, ರಾಷ್ಟ್ರಗೀತೆಯ ಮೊದಲ ಸ್ವರದಿಂದ ಕೊನೆಯವರೆಗೆ ಧ್ವಜದ ಕಡೆ ತಿರುಗಿ ಸೆಲ್ಯೂಟ್. ಸಭಾಂಗಣದ ಒಳಗಾದರೆ ಟೋಪಿ ತೆಗೆದು ಅಟೆನ್ಷನ್ ಮಾತ್ರ, ಸೆಲ್ಯೂಟ್ ಇಲ್ಲ. ಪ್ರಾಂಶುಪಾಲರಿಗೆ ಸೆಲ್ಯೂಟ್ ಹೊಡೆಯಬಾರದು, ಎಡಗೈಯಲ್ಲಿ ಡಿಪ್ಲೊಮಾ, ಬಲಗೈಯಲ್ಲಿ ಕೈಕುಲುಕು. ಎಲ್ಲರೂ ಟೋಪಿ ಮೇಲಕ್ಕೆ ಎಸೆಯುವಾಗ ಇವಳು ಎಸೆಯಬಾರದು. ಸೆಂಟ್ರಲ್ ವ್ಯಾಲಿಯ ಜೂನ್ ಬಿಸಿಲಿನಲ್ಲಿ ಆ ಕೋಟು ತೊಟ್ಟು ಮಂಡಿ ಬಿಗಿಹಿಡಿದು ನಿಂತರೆ ರಕ್ತ ಕಾಲಿನಲ್ಲೇ ನಿಂತು ತಲೆ ಸುತ್ತುತ್ತದೆ. ಮಂಡಿ ಸಡಿಲವಿರಲಿ, ಬೆಳಿಗ್ಗೆಯಿಂದ ನೀರು ಕುಡಿದಿರಲಿ.

ಇಷ್ಟಾಗುವ ಹೊತ್ತಿಗೆ ಅಪ್ಪನ ಬಳಿ ಗೌನ್ ಪರ ಹೇಳಲು ಏನೂ ಉಳಿದಿರಲಿಲ್ಲ, ಆಗ ನಿಜವಾದ ಮಾತು ಬಂತು. ಅಪ್ಪ ಮಗಳು ಇಬ್ಬರನ್ನೇ ಕೂರಿಸಿದಾಗ ಅಪ್ಪನಿಗೆ ಕೊಟ್ಟ ಕೆಲಸ ಒಂದೇ: ಒಪ್ಪಂದದ ಕಾಗದವನ್ನು ಮಗಳ ಜೊತೆ ಕೂತು ಮೊದಲಿನಿಂದ ಕೊನೆವರೆಗೆ ಓದುವುದು. ಸಹಿ ಹಾಕುವಾಗ ಓದಿರಲಿಲ್ಲ. ಸೇವೆಯ ವರ್ಷಗಳು, ಕಾಲೇಜು ಶುಲ್ಕದ ಸಹಾಯ, ವೃತ್ತಿ ತರಬೇತಿಯ ದಿನಾಂಕ, ಫೆಡರಲ್ ಕರೆ (ಕೇಂದ್ರ ಸರ್ಕಾರ ಗಾರ್ಡ್‌ನವರನ್ನು ಪೂರ್ಣಾವಧಿ ಸೇವೆಗೆ ಕರೆಸುವುದು) ಬಂದರೆ ಏನು: ಪ್ರತಿಯೊಂದರ ಪಕ್ಕ ಪೆನ್ಸಿಲ್‌ನಲ್ಲಿ ಪ್ರಶ್ನೆ ಬರೆಯಬೇಕು, ಉತ್ತರ ಗೊತ್ತಿಲ್ಲದ್ದನ್ನು ಮಗಳು ಘಟಕದಲ್ಲಿ ಕೇಳಿ ತರಬೇಕು. ಮಗಳಿಗೆ ಹೇಳಿದ್ದು: "ಅಪ್ಪನಿಗೆ ಹೆದರಿಕೆ ಇದೆ ಅಂತ ಒಪ್ಪಿಕೊಳ್ಳಿ, ಹೆಮ್ಮೆ ಪಡಲಿ ಅಂತ ಒತ್ತಾಯ ಮಾಡಬೇಡಿ." ಸಮಾರಂಭಕ್ಕೆ ಬರುವುದು, ಬಿಡುವುದು ಅಪ್ಪನ ಆಯ್ಕೆ ಎಂದೂ ಸ್ಪಷ್ಟಪಡಿಸಿದೆವು, ಫೋಟೋವನ್ನು ಊರಿನ ಗುಂಪಿಗೆ ಯಾರು ಹಾಕುತ್ತಾರೆ, ಹಾಕುವುದೇ ಇಲ್ಲವೇ, ಎಂಬುದನ್ನೂ ಮೊದಲೇ ತೀರ್ಮಾನ ಮಾಡಿಸಿದೆವು. ಇಂಥ ಮನೆಗಳಲ್ಲಿ ಸಮಾರಂಭಕ್ಕಿಂತ ಹೆಚ್ಚು ಜಗಳ ಎಬ್ಬಿಸುವುದು ಆ ಫೋಟೋ.

ಅಪ್ಪ ಬಂದರು, ಹಿಂದಿನ ಸಾಲಿನಲ್ಲಿ ಕೂತರು. ಫೋಟೋ ಹಾಕಿದ್ದು ತಾತ. ಕಾಗದದ ಪಕ್ಕ ಬರೆದ ಪ್ರಶ್ನೆಗಳಲ್ಲಿ ಫೆಡರಲ್ ಕರೆಯ ಪ್ರಶ್ನೆಗೆ ಅಪ್ಪನಿಗೆ ಸಮಾಧಾನವಾಗುವ ಉತ್ತರ ಸಿಕ್ಕಿಲ್ಲ, ಸಿಗುವಂಥದ್ದೂ ಅಲ್ಲ. ಮಗಳು ವೃತ್ತಿ ತರಬೇತಿಗೆ ಹೋದ ಮೇಲೆ ಅಪ್ಪ ಅಮ್ಮ ಇಬ್ಬರೇ ಬರುವಂತೆ ಮುಂದಿನ ಭೇಟಿಗಳನ್ನು ಗೊತ್ತು ಮಾಡಿದ್ದೇವೆ.