ಮನೆಗೆ ಪರಿಹಾರ, ಹೊಸದಾಗಿ ಕಟ್ಟಿದ ನವನಗರದಲ್ಲಿ ನಿವೇಶನ ಕೊಟ್ಟ ಮೇಲೂ ಬಾಗಲಕೋಟೆಯ ಮುಳುಗಡೆ ಜನರಿಗೆ ಇನ್ನೇನು ತೊಂದರೆ?

ದುಡ್ಡು ಲೆಕ್ಕ ಹಾಕುವುದು ಗೋಡೆ, ಜಾಗಕ್ಕೆ ಮಾತ್ರ. ಓಣಿಗೆ ಬೆಲೆ ಕಟ್ಟುವವರು ಯಾರು?

ನಮ್ಮ ಅಜ್ಜಿಯ ಮನೆ ಹಳೇ ಊರಿನಲ್ಲಿತ್ತು. ಸಂಜೆಯಾದರೆ ಕಟ್ಟೆ ಮೇಲೆ ನಾಲ್ಕು ಮನೆಯವರು ಕೂತು ಜೋಳ ಹಸನು ಮಾಡುತ್ತಿದ್ದರು. ಆಲಮಟ್ಟಿ ಹಿನ್ನೀರು ಘಟಪ್ರಭೆಯೊಳಗೆ ಏರಿತು, ಆ ನಾಲ್ಕು ಮನೆಗಳು ನಾಲ್ಕು ಸೆಕ್ಟರಿಗೆ ಹೋದವು. ನವನಗರದ ರಸ್ತೆಗಳು ಅಗಲ, ಗಿಡಮರ ಚೆನ್ನಾಗಿವೆ, ಅದನ್ನು ಒಪ್ಪುತ್ತೇನೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಯೋಜನೆ ಅದು. ಆದರೆ ಅಜ್ಜಿಗೆ ಕೊನೆವರೆಗೂ ವಿಳಾಸ ಅಂದರೆ ಓಣಿಯ ಹೆಸರೇ, ಸೆಕ್ಟರ್ ನಂಬರ್ ಅಲ್ಲ.

ಇನ್ನೊಂದು ತೊಂದರೆ ಕಾಯುವುದು. ಈಗ ಅಣೆಕಟ್ಟೆಯಲ್ಲಿ ನೀರು ನಿಲ್ಲುವುದು 519.6 ಮೀಟರ್‌ವರೆಗೆ. 2010ರಲ್ಲಿ ಕೃಷ್ಣಾ ನೀರು ಹಂಚಿಕೆಯ ನ್ಯಾಯಮಂಡಳಿ ಅದನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿತು. ನಾಳೆ ಮುಳುಗಬಹುದಾದ ಮನೆಗೆ ಯಾರು ಮಹಡಿ ಕಟ್ಟಿಸುತ್ತಾರೆ? ಚಾವಣಿ ಸೋರಿದರೂ ಸುಮ್ನೆ ತಾಡಪತ್ರಿ ಹೊದಿಸುತ್ತಾರೆ. ನನ್ನ ಪ್ರಕಾರ ಕಡಿಮೆ ಪರಿಹಾರಕ್ಕಿಂತ ಇದೇ ಜಾಸ್ತಿ ನೋವು.

ನಿಮ್ಮ ಮನೆಯೂ ಇಂಥ ಜಾಗದಲ್ಲಿದ್ದರೆ 2013ರ ಭೂಸ್ವಾಧೀನ ಕಾಯ್ದೆ ನೋಡಿ. ವಯಸ್ಸಿಗೆ ಬಂದ ಮಗ, ಮಗಳು, ಮದುವೆ ಆಗಿರಲಿ ಬಿಡಲಿ, ಬೇರೆ ಕುಟುಂಬ ಎಂದೇ ಲೆಕ್ಕ. ಸ್ವಂತ ಜಾಗ ಇಲ್ಲದಿದ್ದರೂ, ಅಧಿಸೂಚನೆಗೆ ಮೊದಲು ಸತತ 3 ವರ್ಷ ಅಲ್ಲೇ ಇದ್ದ ಕುಟುಂಬಕ್ಕೆ ಮನೆಯ ಸೌಲಭ್ಯಕ್ಕೆ ಅವಕಾಶವಿದೆ. ಸಮೀಕ್ಷೆಗೆ ಬಂದಾಗ ಯಜಮಾನರ ಹೆಸರೊಂದನ್ನೇ ಬರೆಸಬೇಡಿ. ರೇಷನ್ ಕಾರ್ಡು, ಕರೆಂಟ್ ಬಿಲ್ಲು ಈಗಲೇ ಜೋಡಿಸಿಡಿ.